ಕೆಟಲ್ ಗ್ರಿಲ್ಲಿಗೆ ಫ್ಯಾನು, ಪಿಐಡಿ ಜೋಡಿಸಿದ ಬಗೆ

ಇದ್ದಿಲ ಗ್ರಿಲ್ಲಿಗೆ ಸಣ್ಣದೊಂದು ಫ್ಯಾನು, ಒಳಗಿನ ಬಿಸಿ ಗುರಿಯಿಂದ ಎಷ್ಟು ದೂರವಿದೆ ಅಂತ ನೋಡಿ ಅದನ್ನು ಹಚ್ಚಿ ಆರಿಸುವ ಪಿಐಡಿ ಎಂಬ ಒಂದು ಕಂಟ್ರೋಲರು ಹಾಕಿಬಿಟ್ಟರೆ ಒಳಗಿನ ಬಿಸಿ ಹೇಳಿದಷ್ಟಕ್ಕೆ ನಿಲ್ಲುತ್ತದೆ ಅಂದುಕೊಂಡು ಸಾಮಾನು ತರಿಸುವವರೇ ಹೆಚ್ಚು. ಹಾಕಿ ನೋಡಿದ ಮೇಲೆ ಗೊತ್ತಾಗುವುದು ಬೇರೆ. ಫ್ಯಾನು ಬಿಸಿ ಏರಿಸುತ್ತದೆ. ಇಳಿಸುವುದು ಅದರ ಕೈಲಿಲ್ಲ. ಬಿಸಿ ಇಳಿಯಬೇಕಾದರೆ ಕೆಂಡಕ್ಕೆ ಗಾಳಿ ತಪ್ಪಬೇಕು. ಗಾಳಿ ತಪ್ಪಬೇಕಾದರೆ ಫ್ಯಾನಿನ ಬಾಯಿ ಬಿಟ್ಟು ಗ್ರಿಲ್ಲಿನ ಕೆಳಭಾಗದಲ್ಲಿ ಬೇರೆಲ್ಲೂ ಸಂದು ಇರಬಾರದು. ಹಾಗಾಗಿ ಈ ಕೆಲಸದಲ್ಲಿ ಮುಕ್ಕಾಲು ಪಾಲು ತಗಡು, ಪೈಪು, ಸಂದು ಮುಚ್ಚುವ ಕೆಲಸ. ವೈರಿಂಗು ಕಾಲು ಪಾಲು ಮಾತ್ರ.

ಇನ್ನೊಂದು ಮಾತು. ಸೀಕ್ ಕಬಾಬ್, ತಂದೂರಿ ಕಾಲು ಸುಡುವವರಿಗೆ ಇದರ ಅಗತ್ಯವೇ ಇಲ್ಲ. ಅಲ್ಲಿ ಬೇಕಾದದ್ದು ದಗದಗ ಕೆಂಡ, ಅದಕ್ಕೆ ಬೀಸಣಿಗೆ ಸಾಕು. ಕುರಿಯ ಇಡೀ ತೊಡೆಯನ್ನೋ ಮುಂಗಾಲಿನ ಭುಜದ ಭಾಗವನ್ನೋ 110ರಿಂದ 120 ಡಿಗ್ರಿಯಲ್ಲಿ ಆರೇಳು ಗಂಟೆ ನಿಧಾನಕ್ಕೆ ಬೇಯಿಸಬೇಕು, ಅಷ್ಟು ಹೊತ್ತೂ ಗ್ರಿಲ್ಲಿನ ಪಕ್ಕ ಕಾವಲು ಕೂರಲಾಗದು ಅನ್ನುವವರಿಗೆ ಇದು. ರಾಯಚೂರು, ಕೊಪ್ಪಳ ಸೀಮೆಯ ಕೆಂಗುರಿ ಮಾಂಸಕ್ಕಾಗಿಯೇ ಹೆಸರಾದ ತಳಿ. ಅದರ ಎರಡೂವರೆ ಕೆ.ಜಿ. ತೊಡೆಯನ್ನು ಅವಸರದಲ್ಲಿ ಸುಟ್ಟು ಒಣಗಿಸುವುದು ಅನ್ಯಾಯ.

ನಾವು ಜೋಡಿಸಿದ್ದು 57 ಸೆಂ.ಮೀ. ಅಗಲದ, ಎನಾಮೆಲ್ ಬಳಿದ ಗುಂಡು ಕೆಟಲ್ಲಿಗೆ. ಈ ಆಕಾರ 1952ರಲ್ಲಿ ಷಿಕಾಗೋ ಕಡೆಯ ಜಾರ್ಜ್ ಸ್ಟೀಫನ್ ಎಂಬವರು ಹಡಗುಗಳಿಗೆ ಗುರುತಾಗಿ ನೀರಿನಲ್ಲಿ ತೇಲಿಬಿಡುವ ಬಾಯ್‌ನ ಅರ್ಧ ಗೋಳದಿಂದ ಮಾಡಿದ್ದು. ವೆಬರ್ ಕಂಪನಿಯ ಗ್ರಿಲ್ಲಿನ ಮೂಲ ಅದೇ. ಕೆಳಗೆ ಮೂರು ಗಾಳಿಕಂಡಿ, ಅವನ್ನು ತೆರೆದು ಮುಚ್ಚುವ ಮೂರು ರೆಕ್ಕೆ, ಮುಚ್ಚಳದ ಮೇಲೆ ಹೊಗೆ ಹೋಗಲು ತಿರುಗಿಸುವ ಬಿಲ್ಲೆ. ಎರಡು ದೊಡ್ಡ ಬಾಣಲೆ ಬೋರಲು ಹಾಕಿ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿಕೊಂಡ ಗ್ರಿಲ್ಲಿಗೂ ಮುಂದೆ ಹೇಳುವ ಕ್ರಮವೇ ಹೊಂದುತ್ತದೆ. ಅದರಲ್ಲಿ ಸಂದು ಜಾಸ್ತಿ, ಅಷ್ಟೇ.

ಫ್ಯಾನು ಎಷ್ಟು ದೊಡ್ಡದಿರಬೇಕು ಅನ್ನುವುದಕ್ಕೆ ಲೆಕ್ಕ ಹಾಕಿಯೇ ನೋಡಬೇಕು, ಅಂದಾಜು ಕೈಕೊಡುತ್ತದೆ. 115 ಡಿಗ್ರಿ ಹಿಡಿದಿಡಲು ಈ ಅಳತೆಯ ಗ್ರಿಲ್ಲು ಗಂಟೆಗೆ ಸುಮಾರು 300 ಗ್ರಾಂ ಇದ್ದಿಲು ತಿನ್ನುತ್ತದೆ. ಒಂದು ಕೆ.ಜಿ. ಇಂಗಾಲ ಪೂರ್ತಿ ಉರಿಯಲು ಹನ್ನೊಂದೂವರೆ ಕೆ.ಜಿ. ಗಾಳಿ ಬೇಕು, ಅಂದರೆ ಹತ್ತಿರಹತ್ತಿರ 10 ಘನಮೀಟರ್. 300 ಗ್ರಾಮಿಗೆ 3 ಘನಮೀಟರ್. ಅದರ ಎರಡರಷ್ಟು ಹೋಗುತ್ತದೆ ಅಂತ ಹಿಡಿದರೂ ಗಂಟೆಗೆ 6 ಘನಮೀಟರ್, ಫ್ಯಾನು ಮಾರುವವರ ಭಾಷೆಯಲ್ಲಿ ನಿಮಿಷಕ್ಕೆ ಮೂರೂವರೆ ಘನ ಅಡಿ, ಅಂದರೆ ಮೂರೂವರೆ ಸಿಎಫ್‌ಎಂ. 50 ಮಿ.ಮೀ. ಚೌಕದ, 15 ಮಿ.ಮೀ. ದಪ್ಪದ, 5015 ಎಂಬ ಹೆಸರಿನಲ್ಲಿ ಸಿಗುವ 12 ವೋಲ್ಟಿನ ಬ್ಲೋವರ್ ಇದಕ್ಕೆ ಧಾರಾಳ. ಥ್ರೀಡಿ ಪ್ರಿಂಟರಿಗೆ ಬಳಸುವುದು ಇದನ್ನೇ, ಕರೆಂಟು ಎಳೆಯುವುದು 0.1ರಿಂದ 0.25 ಆಂಪಿಯರ್.

ಕಂಪ್ಯೂಟರ್ ಡಬ್ಬದ ಚೌಕ ಫ್ಯಾನು ಬೇಡ. ಬಯಲಲ್ಲಿ ಅದು ಜೋರಾಗಿ ಬೀಸಿದಂತೆ ಕಾಣುತ್ತದೆ, ಒಂದಿಂಚಿನ ಪೈಪಿನ ಮುಂದೆ ಇಟ್ಟರೆ ಗಾಳಿ ಮುಂದಕ್ಕೆ ಹೋಗದೆ ರೆಕ್ಕೆಯಲ್ಲೇ ಸುತ್ತುತ್ತದೆ. ತಳ್ಳುವ ಒತ್ತಡ ಅದಕ್ಕಿಲ್ಲ. ಬಸವನಹುಳುವಿನ ಚಿಪ್ಪಿನಂತಿರುವ ಬ್ಲೋವರೇ ಬೇಕು. ಇನ್ನು ಒಲೆ ಊದಲು ಅಂತ ರೆಗ್ಯುಲೇಟರ್ ಸಮೇತ ಮಾರುವ 12 ವೋಲ್ಟಿನ ದೊಡ್ಡ ಬ್ಲೋವರು ನಮ್ಮ ಕಡೆ ಹಾರ್ಡ್‌ವೇರ್ ಅಂಗಡಿಯಲ್ಲೂ ಸಂತೆಯಲ್ಲೂ ಸಿಗುತ್ತದೆ. ಅದನ್ನು ಹಾಕಿದರೆ ಗ್ರಿಲ್ಲು ಕಮ್ಮಾರನ ಕುಲುಮೆಯಾಗುತ್ತದೆ, ಬೂದಿ ಹಾರಿ ಮಾಂಸಕ್ಕೆ ಮೆತ್ತುತ್ತದೆ. ಕೈಯಲ್ಲಿ ಅದೇ ಇದ್ದರೆ ಗಾಳಿ ಎಳೆಯುವ ಬಾಯಿಗೆ ತಗಡಿನ ಬಿಲ್ಲೆ ಕೂರಿಸಿ ಐದರಲ್ಲಿ ನಾಲ್ಕು ಪಾಲು ಮುಚ್ಚಬೇಕು.

ಕಂಟ್ರೋಲರಿನ ವಿಷಯ. ಹೊರದೇಶದಲ್ಲಿ ಇದಕ್ಕೆಂದೇ ಬಿಬಿಕ್ಯೂ ಗುರು, ಇಂಕ್‌ಬರ್ಡ್ ಮುಂತಾದ ರೆಡಿಮೇಡ್ ಸೆಟ್ಟುಗಳಿವೆ. ಸ್ವಂತ ಕಟ್ಟುವವರಿಗೆ ಹೀಟರ್‌ಮೀಟರ್ ಎಂಬ ಓಪನ್ ಸೋರ್ಸ್ ವಿನ್ಯಾಸವೂ ಇದೆ. ನಾವು ಹಿಡಿದದ್ದು ಕಾರ್ಖಾನೆಗಳಲ್ಲಿ ಕಾಣುವ ರೆಕ್ಸ್ ಸಿ-100 ಮಾದರಿಯ ಪಿಐಡಿ. ತೋರಣಗಲ್ಲಿನಲ್ಲೋ ಗಿಣಿಗೇರಾ ಕಡೆಯ ಕಾರ್ಖಾನೆಯಲ್ಲೋ ಇನ್‌ಸ್ಟ್ರುಮೆಂಟೇಶನ್ ವಿಭಾಗದಲ್ಲಿರುವ ಯಾರನ್ನು ಕೇಳಿದರೂ ಅದರ ಮೆನು ಬಾಯಿಪಾಠ ಇರುತ್ತದೆ. 48 ಮಿ.ಮೀ. ಚೌಕದ ಡಬ್ಬಿ, ಕೂರಿಸಲು 45 ಮಿ.ಮೀ. ಚೌಕದ ತೂತು ಬೇಕು. ಡಬ್ಲ್ಯೂ-1209 ಎಂಬ ಅಗ್ಗದ ಥರ್ಮೋಸ್ಟಾಟ್ ಬೋರ್ಡನ್ನು ಕೆಲವರು ಸೂಚಿಸುತ್ತಾರೆ. ಅದು ಓದುವುದೇ 110 ಡಿಗ್ರಿವರೆಗೆ, ಈ ಕೆಲಸಕ್ಕೆ ಬಾರದು.

ಸಿ-100 ಕೊಳ್ಳುವಾಗ ಒಂದು ಗುಂಡಿ ಇದೆ, ಬಹಳ ಮಂದಿ ಬೀಳುತ್ತಾರೆ. ಇದು ಎರಡು ಬಗೆಯ ಔಟ್‌ಪುಟ್ಟಿನಲ್ಲಿ ಬರುತ್ತದೆ: ಮಾಡೆಲ್ ನಂಬರಿನ ಕೊನೆಯ ಭಾಗದಲ್ಲಿ ‘ಎಂ’ ಇದ್ದರೆ ಒಳಗೇ ರಿಲೇ (ಕರೆಂಟಿನಿಂದ ತೆರೆದು ಮುಚ್ಚುವ ಸ್ವಿಚ್ಚು), ‘ವಿ’ ಇದ್ದರೆ ಹೊರಗಿನ ಎಲೆಕ್ಟ್ರಾನಿಕ್ ರಿಲೇ ಆದ ಎಸ್‌ಎಸ್‌ಆರ್ ನಡೆಸುವ ವೋಲ್ಟೇಜು. ಸೆಟ್ಟಿನಲ್ಲಿ ಕೊಡುವ ಎಸ್‌ಎಸ್‌ಆರ್ 40-ಡಿಎ ಎಸಿ ಲೋಡಿಗೆ ಮಾಡಿದ್ದು. ಒಮ್ಮೆ ಹೊತ್ತಿಕೊಂಡರೆ ಕರೆಂಟು ಸೊನ್ನೆಗೆ ಬಂದಾಗಲೇ ಅದು ಬಿಡುವುದು. ಎಸಿಯಲ್ಲಿ ಕರೆಂಟು ಸೆಕೆಂಡಿಗೆ ನೂರು ಸಲ ಸೊನ್ನೆ ದಾಟುತ್ತದೆ, 12 ವೋಲ್ಟಿನ ಡಿಸಿಯಲ್ಲಿ ದಾಟುವುದೇ ಇಲ್ಲ. ಹಾಗಾಗಿ ಫ್ಯಾನು ಒಮ್ಮೆ ಶುರುವಾದರೆ ನಿಲ್ಲುವುದಿಲ್ಲ, ಪಿಐಡಿ ದೀಪ ಆರಿದ್ದರೂ ಗ್ರಿಲ್ಲು 250 ಡಿಗ್ರಿ ದಾಟುತ್ತಿರುತ್ತದೆ. ರಿಲೇ ಇರುವುದನ್ನೇ ತೆಗೆದುಕೊಳ್ಳಿ. ಅಗ್ಗದ ನಕಲಿನಲ್ಲಿ ಸ್ಟಿಕ್ಕರ್ ಒಂದು, ಒಳಗೊಂದು ಇರುವುದೂ ಉಂಟು. ಔಟ್ ದೀಪ ಹೊತ್ತಿದಾಗ ಔಟ್‌ಪುಟ್ ಟರ್ಮಿನಲ್ಲುಗಳ ಮೇಲೆ ಮಲ್ಟಿಮೀಟರ್ ಡಿಸಿ ವೋಲ್ಟಿನಲ್ಲಿ ಇಟ್ಟು ನೋಡಿ. ಹತ್ತು ಹನ್ನೆರಡು ವೋಲ್ಟು ತೋರಿಸಿದರೆ ಅದು ಎಸ್‌ಎಸ್‌ಆರ್ ಬಗೆ. ಏನೂ ತೋರಿಸದೆ, ‘ಟಿಕ್’ ಅಂದು ಕಂಟಿನ್ಯುಟಿ ಕೂಗಿದರೆ ರಿಲೇ. ಟರ್ಮಿನಲ್ ನಂಬರುಗಳೂ ಒಂದೊಂದು ತಯಾರಿಕೆಯಲ್ಲಿ ಒಂದೊಂದು ಥರ. ಡಬ್ಬಿಯ ಪಕ್ಕದ ಚಿತ್ರ ನೋಡಿಯೇ ವೈರು ಕಟ್ಟಬೇಕು, ಬೇರೆಯವರ ಫೋಟೋ ನೋಡಿ ಅಲ್ಲ.

ಸೆನ್ಸರು ಕೆ-ಟೈಪ್ ಥರ್ಮೋಕಪಲ್ (ಎರಡು ಬೇರೆ ಬೇರೆ ಲೋಹದ ತಂತಿ ಕೂಡಿಸಿ ಬಿಸಿ ಅಳೆಯುವಂಥದ್ದು), ಫೈಬರ್‌ಗ್ಲಾಸ್ ಹೊದಿಕೆಯ ಮೇಲೆ ಸ್ಟೀಲ್ ಹೆಣಿಗೆ ಇರುವುದು, ತುದಿಯಲ್ಲಿ 5 ಮಿ.ಮೀ. ಸ್ಟೀಲ್ ಕಡ್ಡಿ. ವೈರಿನ ಬಣ್ಣ ನಂಬಬೇಡಿ. ಚೀನಾದಿಂದ ಬರುವವುಗಳಲ್ಲಿ ಕೆಂಪು ಪ್ಲಸ್, ನೀಲಿ ಮೈನಸ್. ಅಮೆರಿಕದ ಕ್ರಮದಲ್ಲಿ ಹಳದಿ ಪ್ಲಸ್, ಕೆಂಪೇ ಮೈನಸ್. ಐಇಸಿ ಎಂಬ ಅಂತರರಾಷ್ಟ್ರೀಯ ಕ್ರಮದಲ್ಲಿ ಹಸಿರು ಪ್ಲಸ್, ಬಿಳಿ ಮೈನಸ್. ಕಟ್ಟಿದ ಮೇಲೆ ತುದಿಯನ್ನು ಬಿಸಿನೀರಿಗೆ ಅದ್ದಿ. ಅಂಕಿ ಇಳಿದರೆ ತಿರುಗುಮುರುಗಾಗಿದೆ ಅಂತ ಅರ್ಥ. ಹಾಗೇ ಬೆಂಕಿಗಿಟ್ಟರೆ ಗ್ರಿಲ್ಲು ಕಾದಷ್ಟೂ ಪಿಐಡಿಗೆ ತಣ್ಣಗಾದಂತೆ ಕಂಡು ಫ್ಯಾನನ್ನು ಓಡಿಸುತ್ತಲೇ ಇರುತ್ತದೆ.

ವೈರು ಸಾಲದು ಅಂತ ಮನೆಯ ತಾಮ್ರದ ವೈರನ್ನು ಗಂಟು ಹಾಕುವುದು ಇನ್ನೊಂದು ತೊಡಕು. ಗಂಟು ಗ್ರಿಲ್ಲಿನ ಹತ್ತಿರ 60 ಡಿಗ್ರಿಯಲ್ಲಿದ್ದು ಪಿಐಡಿ ನೆರಳಲ್ಲಿ 35ರಲ್ಲಿದ್ದರೆ ಅಂಕಿ 25 ಡಿಗ್ರಿ ಕಡಿಮೆ ತೋರಿಸುತ್ತದೆ, ಒಳಗೆ ಅಷ್ಟು ಜಾಸ್ತಿ ಕಾದಿರುತ್ತದೆ. ಉದ್ದ ಬೇಕಿದ್ದರೆ ಕೆ-ಟೈಪ್ ಎಕ್ಸ್‌ಟೆನ್ಷನ್ ವೈರೇ ತರಬೇಕು, ಇಲ್ಲವೆ ಎರಡು ಮೀಟರಿನ ಸೆನ್ಸರೇ ಕೊಳ್ಳಬೇಕು. ಅಳತೆ ಸರಿಯಿದೆಯೇ ಅನ್ನುವುದಕ್ಕೆ ಕುದಿಯುವ ನೀರಿನ ಪರೀಕ್ಷೆ ಸಾಕು. ಆದರೆ ರಾಯಚೂರು, ಕೊಪ್ಪಳ ಸೀಮೆಯ ನಮ್ಮ ಊರುಗಳು ಸಮುದ್ರಮಟ್ಟದಿಂದ ನಾಲ್ಕುನೂರರಿಂದ ಐದುನೂರು ಮೀಟರ್ ಎತ್ತರದಲ್ಲಿವೆ, ಇಲ್ಲಿ ನೀರು ಕುದಿಯುವುದು 98.5 ಡಿಗ್ರಿಯ ಆಸುಪಾಸು. ನೂರು ತೋರಿಸಲಿಲ್ಲವೆಂದು ಮೆನುವಿನಲ್ಲಿ ತಿದ್ದಲು ಹೋಗಬೇಡಿ. 98 ಅಥವಾ 99 ಬಂದರೆ ಸರಿ.

ಇನ್ನು ತಗಡಿನ ಕೆಲಸ. ಗಾಳಿ ಪೈಪಿಗೆ ಮೆಟ್ಟಿಲ ಕಟಕಟೆಗೆ ಹಾಕುವ ಸ್ಟೇನ್‌ಲೆಸ್ ರೇಲಿಂಗ್ ಪೈಪು, ಒಂದಿಂಚು, ತೆಳು ಗೋಡೆಯದು, 25 ಸೆಂ.ಮೀ. ತುಂಡು. ಗೇಟು ಕಿಟಕಿ ಮಾಡುವ ಅಂಗಡಿಯ ಗುಜರಿ ಮೂಲೆಯಲ್ಲೇ ಇಂಥ ತುಂಡು ಬಿದ್ದಿರುತ್ತದೆ. ಸ್ಟೇನ್‌ಲೆಸ್ ಏಕೆಂದರೆ ಅದು ಸಾದಾ ಕಬ್ಬಿಣದ ಮೂರರಲ್ಲೊಂದು ಪಾಲಷ್ಟು ಮಾತ್ರ ಬಿಸಿ ದಾಟಿಸುತ್ತದೆ, ಆ ತುದಿಯಲ್ಲಿ ಪ್ಲಾಸ್ಟಿಕ್ ಬ್ಲೋವರು ಕರಗುವುದಿಲ್ಲ. ನೀರಿನ ಜಿ.ಐ. ಪೈಪು ಹೇಳಿದರೆ ವೆಲ್ಡರೇ ತಡೆಯುತ್ತಾನೆ: “ಕಲಾಯಿ ಪೈಪು ಬ್ಯಾಡ ಸಾರ್, ಕಾದ್ರೆ ಬಿಳಿ ಹೊಗೆ ಬಿಡ್ತೈತೆ, ಅದನ್ನ ಕುಡದ್ರೆ ರಾತ್ರಿಗೆ ಚಳಿಜ್ವರ.” ಸತುವಿನ ಹೊಗೆಯ ಆ ಜ್ವರ ವೆಲ್ಡಿಂಗ್ ಮಾಡುವವರಿಗೆಲ್ಲ ಗೊತ್ತು.

ಪೈಪನ್ನು ಒಳಗೆ ಬಿಡಲು ಎರಡು ದಾರಿ. ಕೆಳಗಿನ ಮೂರು ಕಂಡಿಗಳಲ್ಲಿ ಒಂದರ ಮೇಲೆ ತಗಡು ಮುಚ್ಚಿ ಅದರೊಳಗಿಂದ ಪೈಪು ತರುವುದು ಮೊದಲನೆಯದು. ಗ್ರಿಲ್ಲಿಗೆ ತೂತು ಬೀಳುವುದಿಲ್ಲ, ಆದರೆ ಬೂದಿ ಕೂರುವ ಜಾಗವೇ ಅದು. ಮೂರನೇ ಗಂಟೆಗೆ ಪೈಪಿನ ಬಾಯಿ ಬೂದಿಯಲ್ಲಿ ಹೂತುಹೋಗುತ್ತದೆ, ಫ್ಯಾನು ಓಡುತ್ತಿದ್ದರೂ ಬಿಸಿ ಇಳಿಯತೊಡಗುತ್ತದೆ. ತಗಡನ್ನು ಆಯಸ್ಕಾಂತದಿಂದ ಅಂಟಿಸಬಹುದು ಅನ್ನುವವರಿದ್ದಾರೆ. ಹೊಳೆಯುವ ನಿಯೋಡೈಮಿಯಮ್ ಆಯಸ್ಕಾಂತ ಸಾಮಾನ್ಯ ದರ್ಜೆಯದಾದರೆ 80 ಡಿಗ್ರಿ ದಾಟುತ್ತಲೇ ಬಲ ಕಳೆದುಕೊಳ್ಳುತ್ತದೆ. ಸ್ಪೀಕರಿನ ಹಿಂದಿರುವ ಕಪ್ಪು ಫೆರೈಟ್ ತಾಳುತ್ತದೆ.

ಎರಡನೆಯದು ಪಕ್ಕದ ಗೋಡೆಗೇ ತೂತು ಕೊರೆಯುವುದು, ನಮಗೆ ಒಪ್ಪಿಗೆಯಾದದ್ದು ಇದು. ಇದ್ದಿಲು ಕೂರುವ ಕೆಳ ಜಾಲರಿಗಿಂತ ಕೆಳಗೆ, ಬೂದಿಯ ಮಟ್ಟಕ್ಕಿಂತ ಮೇಲೆ. ತಳದಿಂದ ಆರೇಳು ಸೆಂ.ಮೀ. ಎತ್ತರದಲ್ಲಿ ಈ ಜಾಗ ಸಿಗುತ್ತದೆ. ಎನಾಮೆಲ್ ಅಂದರೆ ತಗಡಿನ ಮೇಲೆ ಕರಗಿಸಿ ಹಿಡಿಸಿದ ಗಾಜು. ಪಂಚ್ ಇಟ್ಟು ಸುತ್ತಿಗೆಯಲ್ಲಿ ಹೊಡೆದರೆ ರೂಪಾಯಿ ನಾಣ್ಯದಗಲ ಚಕ್ಕೆ ಹಾರಿಹೋಗುತ್ತದೆ, ಮೊದಲ ಮಳೆಗಾಲಕ್ಕೇ ಅಲ್ಲಿ ತುಕ್ಕು. ಒಳಗೂ ಹೊರಗೂ ಎರಡು ಪದರ ಮಾಸ್ಕಿಂಗ್ ಟೇಪು ಹಚ್ಚಿ, ಒಳಬದಿಗೆ ಮರದ ತುಂಡು ಒತ್ತಿ ಹಿಡಿದು, ಡ್ರಿಲ್ಲನ್ನು ಅತಿ ನಿಧಾನದಲ್ಲಿಟ್ಟು, ಹ್ಯಾಮರ್ ಮೋಡ್ ಕಡ್ಡಾಯವಾಗಿ ಆಫ್ ಮಾಡಿ, 3 ಮಿ.ಮೀ. ಬಿಟ್ಟಿನಲ್ಲಿ ಶುರು ಮಾಡಬೇಕು. ಗಾಜಿನ ಪದರ ದಾಟುವಾಗ ಕಿರ್ ಎಂಬ ಒಣ ಸದ್ದು. ತಗಡಿಗೆ ತಲುಪಿದ ಕೂಡಲೇ ಸದ್ದು ಮೆತ್ತಗಾಗಿ ಸುರುಳಿ ಚೂರು ಬರುತ್ತದೆ. ಆಮೇಲೆ ಮೆಟ್ಟಿಲು ಮೆಟ್ಟಿಲಾಗಿ ಅಗಲವಾಗುವ ಸ್ಟೆಪ್ ಡ್ರಿಲ್ಲಿನಿಂದ 26 ಮಿ.ಮೀ.ವರೆಗೆ ಅಗಲಿಸಿ, ನಡುನಡುವೆ ಎರಡು ಹನಿ ಎಣ್ಣೆ. ಅಂಚಿನಲ್ಲಿ ಕಂಡ ಹಸಿ ತಗಡಿಗೆ ಸೈಲೆನ್ಸರಿಗೆ ಹೊಡೆಯುವ ಹೀಟ್‌ಪ್ರೂಫ್ ಪೇಂಟು ಹಚ್ಚಿದರೆ ಆಯಿತು. ಪೈಪಿಗೆ 18 ಗೇಜಿನ ತಗಡಿನ ಚೌಕ ಪಟ್ಟಿ ವೆಲ್ಡ್ ಮಾಡಿಸಿ, ಎಂ5 ಬೋಲ್ಟು ನಾಲ್ಕು ಹಾಕಿ ಗೋಡೆಗೆ ಬಿಗಿಯಬೇಕು. ಪಟ್ಟಿ ಮತ್ತು ಗೋಡೆಯ ನಡುವೆ ಫೈಬರ್‌ಗ್ಲಾಸ್ ಹಗ್ಗದ ಒಂದು ಸುತ್ತು.

ಪೈಪಿನ ಒಳತುದಿಯ ಮುಂದೆ ಎರಡಿಂಚು ಬಿಟ್ಟು ಎಲ್ ಆಕಾರದ ತಗಡು ನಿಲ್ಲಿಸಲೇಬೇಕು. ಅದಿಲ್ಲದಿದ್ದರೆ ಗಾಳಿ ನೇರ ಒಂದೇ ಕೆಂಡಕ್ಕೆ ಬಡಿದು ಅಲ್ಲಿ ಮಾತ್ರ ಬೆಳ್ಳಗೆ ಉರಿ, ಪಕ್ಕದಲ್ಲಿ ಕಪ್ಪು, ಮೇಲೆ ಹಾರುಬೂದಿ.

ಹೊರತುದಿಯಲ್ಲಿ ಬ್ಲೋವರಿನ ಚೌಕ ಬಾಯಿಗೂ ಪೈಪಿನ ಗುಂಡು ಬಾಯಿಗೂ ಹೊಂದಿಸಲು ತಗಡು ಮಡಚಿ ಸಣ್ಣ ಆಲಿಕೆ, ಸುತ್ತ ಅಲ್ಯೂಮಿನಿಯಂ ಟೇಪು. ಬಟ್ಟೆ ಹಿಂಬದಿಯದು ಬೇಡ, ಡಕ್ಟಿಂಗ್ ಕೆಲಸದವರು ಬಳಸುವ ಲೋಹದ ಟೇಪೇ ಇರಲಿ. ಆಲಿಕೆಯೊಳಗೆ ತಂಪು ಪಾನೀಯದ ಕ್ಯಾನಿನಿಂದ ಕತ್ತರಿಸಿದ ತೆಳು ತಗಡಿನ ಬಾಗಿಲೊಂದನ್ನು ಮೇಲಂಚಿನಿಂದ ಇಳಿಬಿಡಬೇಕು. ಫ್ಯಾನು ಬೀಸಿದಾಗ ಅದು ಒಳಗೆ ತೆರೆದುಕೊಳ್ಳುತ್ತದೆ, ನಿಂತಾಗ ತನ್ನ ಭಾರಕ್ಕೆ ಮುಚ್ಚಿಕೊಳ್ಳುತ್ತದೆ. ಇದನ್ನು ಅಲಂಕಾರ ಅಂದುಕೊಳ್ಳುವವರಿದ್ದಾರೆ. ಒಳಗಿನ ಬಿಸಿಗಾಳಿ ಮೇಲೇರಿ ಹೋಗುವ ಸೆಳೆತ ಒಂದರಿಂದಲೇ ಒಂದಿಂಚಿನ ತೆರೆದ ಪೈಪಿನಲ್ಲಿ ಗಂಟೆಗೆ ಒಂದೆರಡು ಘನಮೀಟರ್ ಗಾಳಿ ತಾನಾಗಿ ನುಗ್ಗುತ್ತದೆ. ಮೇಲಿನ ಲೆಕ್ಕದ ಪ್ರಕಾರ ಬೆಂಕಿ ಆರದೆ ಇರಲು ಅಷ್ಟು ಸಾಕು. ಅಂದರೆ ಫ್ಯಾನು ಆಫ್ ಆದರೂ ಬಿಸಿ ಇಳಿಯುವುದಿಲ್ಲ. ಬಾಗಿಲು ಇಟ್ಟ ಮೇಲೆಯೇ ‘ಆಫ್’ ಅನ್ನುವುದಕ್ಕೆ ಅರ್ಥ ಬರುವುದು.

ಸಂದು ಮುಚ್ಚುವಾಗ ಎಲ್ಲ ಸಂದೂ ಒಂದೇ ಅಲ್ಲ. ಶಕ್ತಿನಗರದ ಉಷ್ಣವಿದ್ಯುತ್ ಸ್ಥಾವರ ಆರ್‌ಟಿಪಿಎಸ್‌ನಂಥ ಕಡೆ ಬಾಯ್ಲರಿಗೆ ಗಾಳಿ ತಳ್ಳಲು ಎಫ್‌ಡಿ ಫ್ಯಾನು, ಹೊಗೆ ಎಳೆಯಲು ಐಡಿ ಫ್ಯಾನು ಎರಡೂ ಇರುತ್ತವೆ. ನಮ್ಮಲ್ಲಿ ತಳ್ಳುವುದು ಮಾತ್ರ, ಎಳೆಯುವುದು ಮೇಲಿನ ಕಂಡಿಯ ಪಾಲು. ಫ್ಯಾನು ಓಡುವಾಗ ಒಳಗಿನ ಒತ್ತಡ ಹೊರಗಿಗಿಂತ ಕೊಂಚ ಹೆಚ್ಚು, ಸಂದಿನಿಂದ ಹೊಗೆ ಹೊರಗೆ ಬರುತ್ತದೆ. ಫ್ಯಾನು ನಿಂತ ಕೂಡಲೇ ಕೆಳಭಾಗದ ಸಂದು ಗಾಳಿ ಒಳಗೆಳೆಯುತ್ತದೆ, ಕೆಂಡಕ್ಕೆ ನೇರ ಉಣಿಸುತ್ತದೆ. ಮುಚ್ಚಳದ ಸುತ್ತಲಿನ ಸಂದು ಹಾಗಲ್ಲ, ಅದು ಬಹುಮಟ್ಟಿಗೆ ಇನ್ನೊಂದು ಹೊಗೆಕಂಡಿ. ಹಾಗಾಗಿ ಶ್ರಮವೆಲ್ಲ ಕೆಳಗೆ ಹಾಕಬೇಕು. ರೆಕ್ಕೆಗಳನ್ನು ಪೂರ್ತಿ ಮುಚ್ಚಿ, ಕಾಲುಗಳು ಸಿಕ್ಕಿಸುವ ಜಾಗ, ರೆಕ್ಕೆಯ ಕಡ್ಡಿ ಹೊರಬರುವ ತೂತು, ಬೋಲ್ಟುಗಳ ಸುತ್ತ ಹೀಗೆ ಎಲ್ಲ ಕಡೆ ನೋಡಬೇಕು. ರೆಕ್ಕೆಯ ಕೆಳಗೆ ಅಡುಗೆಯ ಫಾಯಿಲನ್ನು ನಾಲ್ಕು ಮಡಿಕೆ ಮಾಡಿ ಒತ್ತಿದರೆ ಸಾಕು. ಕೆಂಪು ಹೈ-ಟೆಂಪ್ ಸಿಲಿಕೋನ್ 300 ಡಿಗ್ರಿ ಸುಮಾರಿಗೆ ಸೋಲುತ್ತದೆ, ಅದನ್ನು ಮುಚ್ಚಳದ ಅಂಚಿಗೆ, ಕಾಲಿನ ಬುಡಕ್ಕೆ ಬಳಸಿ, ಕೆಂಡದ ನೆರೆಯಲ್ಲಿ ಬೇಡ.

ಪರೀಕ್ಷೆಗೆ ಬೆಂಕಿ ಹಾಕಬೇಕಿಲ್ಲ. ಒಳಗೆ ಎರಡು ಕೆಂಡದ ಮೇಲೆ ಒಂದು ಚಮಚ ಲೋಬಾನ ಹಾಕಿ, ಮುಚ್ಚಳ ಮುಚ್ಚಿ, ಮೇಲಿನ ಬಿಲ್ಲೆಯನ್ನೂ ಮುಚ್ಚಿ ಫ್ಯಾನು ಓಡಿಸಿ. ಹೊಗೆ ಎಲ್ಲೆಲ್ಲಿ ನುಸುಳುತ್ತದೋ ಅಲ್ಲೆಲ್ಲ ಚಾಕ್‌ಪೀಸಿನಲ್ಲಿ ಗುರುತು ಹಾಕಿಕೊಳ್ಳಿ. ಗಾಳಿ ಇಲ್ಲದ ಹೊತ್ತಲ್ಲಿ, ಬೆಳಗಿನ ಬಿಸಿಲಿಗೆ ಅಡ್ಡ ನಿಂತು ನೋಡಿದರೆ ಕೂದಲೆಳೆಯಷ್ಟು ಹೊಗೆಯೂ ಕಾಣುತ್ತದೆ.

ವೈರಿಂಗು ಇಷ್ಟೇ. 230 ವೋಲ್ಟು ಒಂದು ಆಂಪಿಯರ್ ಫ್ಯೂಸಿನ ಮೂಲಕ ಪಿಐಡಿಗೂ 12 ವೋಲ್ಟಿನ ಒಂದು ಆಂಪಿಯರ್ ಅಡಾಪ್ಟರಿಗೂ. ಅಡಾಪ್ಟರಿನ ಪ್ಲಸ್ ವೈರನ್ನು ಪಿಐಡಿಯ ರಿಲೇ ಮೂಲಕ ಹಾಯಿಸಿ ಬ್ಲೋವರಿಗೆ, ಮೈನಸ್ ನೇರ. ಎಲ್ಲವೂ ಪಿವಿಸಿ ಜಂಕ್ಷನ್ ಡಬ್ಬಿಯೊಳಗೆ. ಕಬ್ಬಿಣದ ಡಬ್ಬಿಯಾದರೆ ಅರ್ಥಿಂಗ್ ಕಡ್ಡಾಯ. ಬ್ಲೋವರಿನ ವೈರಿಗೆ ಒಂದು ಸ್ವಿಚ್ಚು ಬೇರೆಯಾಗಿ ಇರಲಿ, ಅದರ ಕಾರಣ ಮುಂದಿದೆ. ಮನೆಯ ಯುಪಿಎಸ್‌ನಿಂದ ಬರುವ ಪ್ಲಗ್ಗಿಗೆ ಹಾಕಿದರೆ ಕರೆಂಟು ಹೋದಾಗ ತಲೆಬಿಸಿ ಇಲ್ಲ, ಒಟ್ಟು ಲೋಡು ಹತ್ತು ವ್ಯಾಟೂ ಮುಟ್ಟುವುದಿಲ್ಲ.

ಇದ್ದಿಲು ನಮ್ಮಲ್ಲಿ ಅಂದರೆ ಬಳ್ಳಾರಿ ಜಾಲಿಯದೇ. ಹೆಸರು ಬಳ್ಳಾರಿಯದಾದರೂ ಗಿಡ ಅಮೆರಿಕ ಖಂಡದ್ದು, 1870ರ ದಶಕದಲ್ಲಿ ಬೀಜ ತರಿಸಿ ಪಕ್ಕದ ಆಂಧ್ರದ ಕಡಪ ಸೀಮೆಯಲ್ಲಿ ಬೆಳೆಸಿದ್ದು. ಅಮೆರಿಕದಲ್ಲಿ ಮಾಂಸ ಸುಡಲು ಹೆಸರಾದ ಮೆಸ್ಕೀಟ್ ಇದರ ಬಳಗವೇ. ಕಾವು ಗಟ್ಟಿ, ಹೊಗೆ ಖಾರ. ಆದ್ದರಿಂದ ಪರಿಮಳಕ್ಕೆಂದು ಬೇರೆ ಕಟ್ಟಿಗೆ ಸೇರಿಸುವ ಅಗತ್ಯ ಬೀಳುವುದಿಲ್ಲ. ತೊಂದರೆ ಇರುವುದು ಚೀಲದಲ್ಲಿ. ಮಣ್ಣು, ಪುಡಿ, ಅರೆಬೆಂದ ಕೊಳ್ಳಿ ಎಲ್ಲ ಬೆರೆತಿರುತ್ತದೆ. ಕಟ್ಟಡದ ಕೆಲಸದ ಮರಳು ಜರಡಿಯಲ್ಲಿ ಜಾಲಿಸಿ ಪುಡಿ ತೆಗೆಯಬೇಕು, ಯಾಕೆಂದರೆ ಪುಡಿ ತುಂಡುಗಳ ನಡುವಿನ ದಾರಿ ಮುಚ್ಚಿಬಿಟ್ಟರೆ ಸಣ್ಣ ಬ್ಲೋವರಿಗೆ ತಳ್ಳಲಾಗದು. ಮುರಿದಾಗ ಒಳಗೆ ಕಂದು ಬಣ್ಣ ಕಂಡ ತುಂಡು ಅರೆಬೆಂದದ್ದು, ಎತ್ತಿಡಿ, ಅದು ಕಣ್ಣುರಿಯುವ ಹೊಗೆ ಬಿಡುತ್ತದೆ. ನಾಲ್ಕರಿಂದ ಎಂಟು ಸೆಂ.ಮೀ. ತುಂಡುಗಳು ಎರಡೂವರೆ ಕೆ.ಜಿ. ಇದ್ದರೆ 115 ಡಿಗ್ರಿಯಲ್ಲಿ ಏಳು ಗಂಟೆ ಬರುತ್ತದೆ. ಜಾಲಿ ಇದ್ದಿಲು ಹೊತ್ತುವಾಗ ಚಟಪಟ ಕಿಡಿ ಹಾರಿಸುತ್ತದೆ, ಹತ್ತಿ, ಸೊಪ್ಪೆ, ಒಣಹುಲ್ಲು ಇರುವ ಅಂಗಳದಲ್ಲಿ ಹೊತ್ತಿಸಬಾರದು.

ಹೊತ್ತಿಸುವ ಕ್ರಮದಲ್ಲೇ ಅರ್ಧ ಫಲಿತಾಂಶ ಅಡಗಿದೆ. ಇದ್ದಿಲನ್ನೆಲ್ಲ ಒಂದು ಬದಿಗೆ ಗುಡ್ಡೆ ಹಾಕಿ, ಫ್ಯಾನಿನ ಕಡೆಯ ಮೂಲೆಯಲ್ಲಿ ಕುಳಿ ಮಾಡಿ, ಬೇರೆಡೆ ಹೊತ್ತಿಸಿದ ಎಂಟು ಹತ್ತು ಕೆಂಡ ಮಾತ್ರ ಅದರೊಳಗೆ ಇಡಬೇಕು. ಇನ್ನೊಂದು ಬದಿಯಲ್ಲಿ, ಮಾಂಸದ ಕೆಳಗೆ, ಎರಡು ಲೀಟರ್ ಬಿಸಿನೀರಿನ ತಟ್ಟೆ. ಪೂರ್ತಿ ಗುಡ್ಡೆ ಹೊತ್ತಿಸಿಬಿಟ್ಟರೆ ಒಳಗೆ 200 ಡಿಗ್ರಿ ಆದಮೇಲೆ ಯಾವ ಪಿಐಡಿಯೂ ಏನೂ ಮಾಡಲಾರದು, ಫ್ಯಾನು ಆರಿಸಿ ಸುಮ್ಮನೆ ಕೂರುತ್ತದೆ. ಎನಾಮೆಲ್ ಗುಂಡಿನಲ್ಲಿ ಏರಿದ ಬಿಸಿ 115ಕ್ಕೆ ಇಳಿಯಲು ಮುಕ್ಕಾಲು ಗಂಟೆಯೂ ಹಿಡಿಯಬಹುದು, ಅಷ್ಟರಲ್ಲಿ ಉಸಿರು ಕಟ್ಟಿದ ಕೆಂಡ ಕಹಿ ಹೊಗೆ ಬಿಡುತ್ತಿರುತ್ತದೆ.

ಸೆನ್ಸರಿನ ತುದಿ ಮಾಂಸ ಇಡುವ ಜಾಲರಿಯ ಮಟ್ಟದಲ್ಲಿ, ಮಾಂಸದಿಂದ ನಾಲ್ಕೈದು ಸೆಂ.ಮೀ. ಆಚೆ, ಕೆಂಡ ಇಲ್ಲದ ಕಡೆ. ಮಾಂಸಕ್ಕೆ ತಾಗಿದರೆ ಅದರ ತಂಪನ್ನೇ ಓದುತ್ತದೆ. ಮುಚ್ಚಳದ ಮೇಲಿನ ಮುಳ್ಳಿನ ಮೀಟರು ಬೇರೆಯೇ ಅಂಕಿ ಹೇಳುತ್ತದೆ, ಇಪ್ಪತ್ತು ಡಿಗ್ರಿ ವ್ಯತ್ಯಾಸ ಸಾಮಾನ್ಯ, ಅದರ ಮಾತು ಕೇಳಬೇಡಿ. ವೈರನ್ನು ಮುಚ್ಚಳದ ಅಂಚಿನಡಿ ಜಜ್ಜಿಸದೆ, ಪಕ್ಕದಲ್ಲಿ 6 ಮಿ.ಮೀ. ತೂತು ಮಾಡಿ ಒಳಬಿಡಿ. ಜಜ್ಜಿದ ಕಡೆ ಎರಡು ತಂತಿ ಮುಟ್ಟಿಕೊಂಡರೆ ಪಿಐಡಿ ಆ ಜಾಗದ ಬಿಸಿಯನ್ನು ಓದತೊಡಗುತ್ತದೆ.

ಸೆಟ್ಟಿಂಗಿನ ಬಗ್ಗೆ. ಸಿ-100ರಲ್ಲಿ ಸೆಟ್ ಬಟನ್ನನ್ನು ಕೆಲವು ಸೆಕೆಂಡು ಒತ್ತಿ ಹಿಡಿದರೆ ಪಿ, ಐ, ಡಿ ಎಂಬ ಮೂರು ಅಂಕಿ ತೆರೆಯುತ್ತವೆ. ಈ ಅಂಕಿಗಳನ್ನು ತಾನೇ ಹುಡುಕಿಕೊಳ್ಳುವ ಆಟೋ ಟ್ಯೂನ್ ಹಚ್ಚಬೇಡಿ. ಅದು ಬಿಸಿಯನ್ನು ಬೇಕೆಂದೇ ಮೇಲೆ ಕೆಳಗೆ ತೂಗಾಡಿಸಿ ಅಳೆಯುತ್ತದೆ. ಹೀಟರ್ ಕಾಯಿಲ್ ಆದರೆ ನಿಮಿಷಗಳಲ್ಲಿ ಮುಗಿಯುವ ಕೆಲಸ, ಇದ್ದಿಲಿನಲ್ಲಿ ಒಂದೊಂದು ಇಳಿತಕ್ಕೂ ಅರ್ಧ ಗಂಟೆ ಹಿಡಿದು ಅಷ್ಟರಲ್ಲಿ ಬೆಂಕಿಯ ಗಾತ್ರವೇ ಬದಲಾಗಿರುತ್ತದೆ. ಬಂದ ಅಂಕಿಗಳಿಗೆ ಅರ್ಥವಿರುವುದಿಲ್ಲ. ನಮಗೆ ಹೊಂದಿದ್ದು ಪಿ 25, ಐ 900, ಡಿ 60, ಸೈಕಲ್ ಸಮಯ (ಫ್ಯಾನು ಒಮ್ಮೆ ಹೊತ್ತಿ ಆರುವ ಒಂದು ಸುತ್ತಿನ ಅವಧಿ) 20 ಸೆಕೆಂಡು. ಪಿ 25 ಅಂದರೆ ಗುರಿ 115 ಇದ್ದಾಗ 90ರವರೆಗೆ ಫ್ಯಾನು ಪೂರ್ತಿ, ಅಲ್ಲಿಂದ ಮೇಲೆ ಇಳಿಯುತ್ತ ಹೋಗುತ್ತದೆ. ಐ ಚಿಕ್ಕದಾದಷ್ಟೂ ಪಿಐಡಿಗೆ ಅವಸರ ಹೆಚ್ಚು: ಬಿಸಿ ಏರಲು ತಡವಾಯಿತೆಂದು ಗಾಳಿ ಕೂಡಿಸುತ್ತಲೇ ಹೋಗಿ, ಕೆಂಡ ಹಿಡಿದುಕೊಂಡಾಗ 140 ದಾಟಿಸುತ್ತದೆ. ಸೈಕಲ್ ಸಮಯ ಕಡಿಮೆ ಮಾಡಿದರೆ ನೂರಕ್ಕೆ ಹತ್ತರಷ್ಟು ಗಾಳಿ ಬೇಕಾದಾಗ ಬ್ಲೋವರು ವೇಗ ಹಿಡಿಯುವ ಮುಂಚೆಯೇ ಆರುತ್ತದೆ. 20 ಸೆಕೆಂಡಾದರೆ ಎರಡು ಸೆಕೆಂಡು ಬೀಸುತ್ತದೆ, ರಿಲೇಗೂ ಬಾಳಿಕೆ.

ಮೊದಲ ಗುರಿ 95ಕ್ಕೆ ಇಟ್ಟು, ಅಲ್ಲಿ ಕಾಲು ಗಂಟೆ ನಿಂತ ಮೇಲೆ 115ಕ್ಕೆ ಏರಿಸುವುದು ಕ್ರಮ. ಮೇಲಿನ ಬಿಲ್ಲೆ ಕಾಲು ಭಾಗ ತೆರೆದಿರಲಿ. ಪೂರ್ತಿ ಮುಚ್ಚಿದರೆ ಫ್ಯಾನು ತಳ್ಳಿದ ಗಾಳಿಗೆ ದಾರಿಯಿಲ್ಲದೆ ಹೊಗೆ ಹಿಂದಕ್ಕೆ ಬಂದು ಬ್ಲೋವರಿನ ಬೇರಿಂಗಿಗೆ ಡಾಂಬರು ಹಿಡಿಯುತ್ತದೆ. ಒಮ್ಮೆ ನೆಲೆ ನಿಂತ ಮೇಲೆ ಫ್ಯಾನು 20 ಸೆಕೆಂಡಿಗೆ ಮೂರರಿಂದ ಆರು ಸೆಕೆಂಡು ಓಡುತ್ತಿದ್ದರೆ ಎಲ್ಲ ಸರಿಯಿದೆ, ಅಂಕಿ ಐದು ಡಿಗ್ರಿಯ ಒಳಗೇ ಆಡುತ್ತದೆ. ಓಡದೆಯೇ ಬಿಸಿ ಏರುತ್ತಿದ್ದರೆ ಕೆಳಗೆಲ್ಲೋ ಸಂದಿದೆ. ಸದಾ ಓಡುತ್ತಿದ್ದೂ ಏರದಿದ್ದರೆ ಬೂದಿ ಅಥವಾ ಪುಡಿ ದಾರಿ ಕಟ್ಟಿದೆ, ಉದ್ದ ಕಡ್ಡಿಯಿಂದ ಜಾಲರಿಯನ್ನೊಮ್ಮೆ ಅಲುಗಿಸಿ. ಮಾಂಸದ ಒಳಗಿನ ಬಿಸಿ 65ರಿಂದ 75ರ ನಡುವೆ ಗಂಟೆಗಟ್ಟಲೆ ನಿಂತುಬಿಡುವುದು ಮಾತ್ರ ಫ್ಯಾನಿನ ದೋಷವಲ್ಲ. ಮೇಲ್ಮೈಯ ನೀರು ಆವಿಯಾಗುತ್ತ ಬಂದ ಬಿಸಿಯನ್ನೆಲ್ಲ ಅದು ಒಯ್ಯುತ್ತಿರುತ್ತದೆ. ಗುರಿ ಏರಿಸದೆ ಕಾಯಬೇಕು, ಇಲ್ಲವೆ ಫಾಯಿಲಿನಲ್ಲಿ ಸುತ್ತಬೇಕು. ಎಳೆಎಳೆಯಾಗಿ ಬಿಡಿಸಲು ಮಾಂಸದ ಒಳಗಿನ ಬಿಸಿ 93ರ ಸುಮಾರು ಆಗಬೇಕು.

ಮುಚ್ಚಳ ತೆರೆಯುವ ಮುನ್ನ ಆ ಬೇರೆ ಸ್ವಿಚ್ಚಿನಿಂದ ಬ್ಲೋವರು ಆರಿಸಿ. ಮುಚ್ಚಳ ತೆರೆದ ಕೂಡಲೇ ಸೆನ್ಸರು ತಣ್ಣಗಾಗಿ ಪಿಐಡಿ ಪೂರ್ತಿ ಗಾಳಿ ಬಿಡುತ್ತದೆ. ಮೇಲಿನಿಂದ ಗಾಳಿ, ಕೆಳಗಿನಿಂದ ಗಾಳಿ, ಒಂದೇ ನಿಮಿಷದಲ್ಲಿ ಅರ್ಧ ಗುಡ್ಡೆ ಹೊತ್ತಿಕೊಂಡು ಮುಂದಿನ ಗಂಟೆಯ ಲೆಕ್ಕ ತಪ್ಪುತ್ತದೆ. ಮುಚ್ಚಿ ಐದು ನಿಮಿಷವಾದ ಮೇಲೆ ಹಚ್ಚಿ.

ಏಪ್ರಿಲ್ ಮೇ ಬಿಸಿಲಲ್ಲಿ, ಹೊರಗೆ 42, 43 ಇರುವಾಗ, ಪಿಐಡಿ ಡಬ್ಬಿಯನ್ನೂ ಅಡಾಪ್ಟರನ್ನೂ ನೆರಳಿಗೆ ಇಡಲೇಬೇಕು, ಕಪ್ಪು ಪ್ಲಾಸ್ಟಿಕ್ ಬಿಸಿಲಿಗೆ ಬಿದ್ದರೆ ಒಳಗೆ ಇನ್ನೂ ಹೆಚ್ಚು ಕಾಯುತ್ತದೆ. ಆಷಾಢದ ಗಾಳಿಗೆ ಬೇರೆ ಉಪಾಯ: ಬ್ಲೋವರಿನ ಬಾಯಿ ಪಡುವಣಕ್ಕೆ ಮುಖ ಮಾಡಿರಬಾರದು. ಬೀಸುಗಾಳಿ ನೇರ ಬಾಯಿಗೆ ಹೊಕ್ಕರೆ ಕ್ಯಾನಿನ ಬಾಗಿಲು ತಾನೇ ತೆರೆದುಕೊಂಡು ಪಿಐಡಿಗೆ ಕೆಲಸವೇ ಉಳಿಯುವುದಿಲ್ಲ. ಗ್ರಿಲ್ಲನ್ನು ತಿರುಗಿಸಿಟ್ಟು ಆಚೆ ಒಂದು ತಗಡು ನಿಲ್ಲಿಸಿದರೆ ಸಾಕು. ಗಾಳಿ ಜೋರೆಂದು ಒಳಮನೆಗೆ, ಮುಚ್ಚಿದ ಶೆಡ್ಡಿಗೆ ಒಯ್ಯುವ ಯೋಚನೆ ಬೇಡವೇ ಬೇಡ. ಗಾಳಿ ಕಟ್ಟಿ ಉರಿಸುವ ಇದ್ದಿಲು ಕಾರ್ಬನ್ ಮಾನಾಕ್ಸೈಡ್ ಬಿಡುತ್ತದೆ, ಅದಕ್ಕೆ ವಾಸನೆಯಿಲ್ಲ.

ಮುಗಿದ ಮೇಲೆ ಬ್ಲೋವರನ್ನು ಆಲಿಕೆ ಸಮೇತ ಪೈಪಿನಿಂದ ಕಳಚಿಡಿ, ಆರುವ ಗ್ರಿಲ್ಲಿನ ಬಿಸಿ ಹೊಗೆ ಹಿಂದಕ್ಕೆ ಬಂದು ಪ್ಲಾಸ್ಟಿಕ್ಕನ್ನು ಕೆಡಿಸುವುದು ಈ ಹೊತ್ತಿನಲ್ಲೇ. ಪೈಪಿನ ಬಾಯಿಗೆ ಫಾಯಿಲಿನ ಉಂಡೆ ತುರುಕಿ, ಮೇಲಿನ ಬಿಲ್ಲೆ ಮುಚ್ಚಿದರೆ ಸಂದು ಸರಿಯಾಗಿ ಮುಚ್ಚಿದ ಗ್ರಿಲ್ಲಿನಲ್ಲಿ ಕೆಂಡ ಒಂದೆರಡು ಗಂಟೆಯಲ್ಲಿ ಆರಿ, ಉಳಿದ ಇದ್ದಿಲು ಮುಂದಿನ ಸಲಕ್ಕೆ ಹಾಗೇ ಸಿಗುತ್ತದೆ. ಬೂದಿಯನ್ನು ಮರುದಿನ ತೆಗೆಯಿರಿ. ಮಳೆಗಾಲದಲ್ಲಿ ತಳದಲ್ಲಿ ಬಿಟ್ಟರೆ ತೇವ ಹೀರಿ ಕ್ಷಾರವಾಗಿ, ರೆಕ್ಕೆಗಳನ್ನೂ ಪೈಪಿನ ಬೋಲ್ಟುಗಳನ್ನೂ ತಿನ್ನುತ್ತದೆ.